ತಿಂಗಳಿಗೆ 500 ರೂಪಾಯಿಯಲ್ಲಿ ನಾಣ್ಯ ಸಂಗ್ರಹ: ಶುರು ಮಾಡುವುದು, ಮೇಲಕ್ಕೆ ತರುವುದು ಹೇಗೆ

2011ರ ಜೂನ್ ಕೊನೆಯ ವಾರ. ಜೂನ್ 30ರಿಂದ ನಾಲ್ಕಾಣೆ ನಡೆಯುವುದಿಲ್ಲ ಎಂದು ಸರ್ಕಾರ ಹೇಳಿ ಆಗಿತ್ತು. ಮುಂಬಯಿಯ ಮಾಟುಂಗದಲ್ಲಿ ನಮ್ಮ ಮಾವನ ಹೋಟೆಲು. ಗಲ್ಲೆಯ ಕೆಳಗೆ ಒಂದು ಡಾಲ್ಡಾ ಡಬ್ಬದ ತುಂಬ ನಾಲ್ಕಾಣೆಗಳು ಬಿದ್ದಿದ್ದವು. "ನಾಳೆ ಇದನ್ನ ಬ್ಯಾಂಕಿಗೆ ಹಾಕಿ ಬಾ ಮಾರಾಯಾ" ಅಂದರು ಮಾವ. ರಾತ್ರಿ ಶಟರ್ ಎಳೆದ ಮೇಲೆ ಡಬ್ಬವನ್ನು ಟೇಬಲ್ ಮೇಲೆ ಸುರಿದು ಎಣಿಸಲು ಕೂತೆ. ಎಲ್ಲವೂ ಘೇಂಡಾಮೃಗದ ಚಿತ್ರದ ಸಣ್ಣ ಸ್ಟೀಲ್ ನಾಣ್ಯಗಳೇ. ಆದರೆ ಇಸವಿಯ ಕೆಳಗೆ ಕೆಲವಕ್ಕೆ ಚುಕ್ಕಿ, ಕೆಲವಕ್ಕೆ ನಕ್ಷತ್ರ, ಕೆಲವಕ್ಕೆ ವಜ್ರದ ಆಕಾರ, ಕೆಲವಕ್ಕೆ ಏನೂ ಇಲ್ಲ. ಎಣಿಸುವುದು ಬಿಟ್ಟು ಬೇರೆ ಬೇರೆ ಗುಡ್ಡೆ ಮಾಡುತ್ತಾ ಕೂತೆ. ಮರುದಿನ ಬ್ಯಾಂಕಿಗೆ ಹೋದ ಡಬ್ಬದಲ್ಲಿ 31 ನಾಣ್ಯ ಕಮ್ಮಿ ಇದ್ದವು. ಅವುಗಳ ದುಡ್ಡನ್ನು ನನ್ನ ಜೇಬಿನಿಂದ ಹಾಕಿದ್ದೆ.

ಅಲ್ಲಿಂದ ಇಲ್ಲಿಯವರೆಗೆ ನನ್ನ ಬಜೆಟ್ ತಿಂಗಳಿಗೆ 500 ರೂಪಾಯಿ ದಾಟಿಲ್ಲ. ಇಷ್ಟು ದುಡ್ಡಿನಲ್ಲಿ ಒಳ್ಳೆಯ ಸಂಗ್ರಹ ಕಟ್ಟಬಹುದು, ಖಂಡಿತ. ಆದರೆ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾಣ್ಯಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಸಂಗ್ರಹ ಬೆಳೆಯುವುದಿಲ್ಲ. ಇರುವುದರಲ್ಲಿ ಅತಿ ಸವೆದದ್ದನ್ನು ತೆಗೆದು, ಅದರ ಜಾಗಕ್ಕೆ ಇನ್ನೂ ಚೆನ್ನಾಗಿರುವುದನ್ನು ತಂದಾಗಲೇ ಅದು ಬೆಳೆಯುವುದು. ಇದು ಅರ್ಥವಾಗಲು ನನಗೆ ನಾಲ್ಕು ವರ್ಷ ಬೇಕಾಯಿತು. ನಿಮಗೆ ಅಷ್ಟು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಮೊದಲ ಮೂರು ತಿಂಗಳು ಏನೂ ಕೊಳ್ಳಬೇಡಿ

ದಿನವೂ ಕೈಗೆ ಬರುವ ಚಿಲ್ಲರೆಯೇ ಮೊದಲ ಪಾಠ. ನಮ್ಮ ದೇಶದಲ್ಲಿ ನಾಲ್ಕು ಟಂಕಸಾಲೆಗಳಿವೆ: ಮುಂಬಯಿ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ. ಇಸವಿಯ ಕೆಳಗೆ ನೋಡಿ. ವಜ್ರದ ಗುರುತಿದ್ದರೆ ನಮ್ಮ ಮುಂಬಯಿಯದು, ಫೋರ್ಟಿನಲ್ಲಿ ರಿಸರ್ವ್ ಬ್ಯಾಂಕಿನ ಎದುರಿಗಿರುವ ಟಂಕಸಾಲೆಯಲ್ಲಿ ಹುಟ್ಟಿದ್ದು. ನಕ್ಷತ್ರ ಹೈದರಾಬಾದಿನದು. ದುಂಡು ಚುಕ್ಕಿ ನೋಯ್ಡಾದ್ದು. ಏನೂ ಇಲ್ಲದಿದ್ದರೆ ಕೋಲ್ಕತ್ತ.

ಸರ್ಕಾರಕ್ಕೆ ನಾಣ್ಯ ಸಾಲದೇ ಹೊರದೇಶದಲ್ಲಿ ಅಚ್ಚು ಹಾಕಿಸಿದ ಕಾಲವೂ ಇತ್ತು. 1985ರ ಒಂದು ರೂಪಾಯಿಯಲ್ಲಿ 'ಎಚ್' ಅಕ್ಷರ ಕಂಡರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಅಚ್ಚಾದದ್ದು. ನನಗೆ ಇದು ಸಿಕ್ಕಿದ್ದು ಒಬ್ಬರು ಕಾಫಿಗೆ ಕೊಟ್ಟ ಚಿಲ್ಲರೆಯಲ್ಲಿ.

ಈಗ 10 ರೂಪಾಯಿಯ ಎರಡು ಬಣ್ಣದ ನಾಣ್ಯ ತೆಗೆದುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಇಸವಿ, ಮೇಲೆ ನಾಲ್ಕು ಟಂಕಸಾಲೆಗಳ ಹೆಸರು ಬರೆದು ಮನೆ ಹಾಕಿ. ಸಿಕ್ಕಿದ ಹಾಗೆ ಟಿಕ್ ಮಾಡುತ್ತಾ ಹೋಗಿ. ಖರ್ಚು ಸೊನ್ನೆ, ಯಾಕೆಂದರೆ 10 ರೂಪಾಯಿ 10 ರೂಪಾಯಿಯಾಗಿಯೇ ಉಳಿಯುತ್ತದೆ. ಮೊದಲು ಸಿಕ್ಕಿದ್ದು ಕೊಳೆಯಾಗಿದ್ದು, ಆಮೇಲೆ ಹೊಳೆಯುವುದೊಂದು ಸಿಕ್ಕಿದರೆ ಬದಲಾಯಿಸಿ, ಹಳೆಯದನ್ನು ಖರ್ಚು ಮಾಡಿ. ಮೇಲಕ್ಕೆ ತರುವ ಅಭ್ಯಾಸ ಇಲ್ಲಿಂದಲೇ ಶುರು. 2006ರ ಬಸವೇಶ್ವರರ 5 ರೂಪಾಯಿ ಕಣ್ಣಿಗೆ ಬಿದ್ದರೆ ಮಾತ್ರ ಹೇಗಿದ್ದರೂ ಇಟ್ಟುಕೊಳ್ಳಿ. ನಮ್ಮವರ ಮನೆಯ ಸಂಗ್ರಹದಲ್ಲಿ ಅದು ಇರಬೇಕು.

ಅಂಗಡಿಯವರು, ರಿಕ್ಷಾದವರು, ಹೂವಿನವರು ಪರಿಚಯ ಇದ್ದರೆ ಕೇಳಿಕೊಳ್ಳಿ. ನೋಟು ಕೊಟ್ಟು ಚಿಲ್ಲರೆ ತಗೊಳ್ತೀನಿ ಅಂದರೆ ಮುಂಬಯಿಯಲ್ಲಿ ಬೇಡ ಅನ್ನುವವರು ಅಪರೂಪ.

ಹೆಜ್ಜೆ 2: ಒಂದು ಗೆರೆ ಎಳೆದುಕೊಳ್ಳಿ

ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ಎಲ್ಲವನ್ನೂ ಕೂಡಿಹಾಕಲು ಹೋಗಬಾರದು. ನಾನು ಮೊದಲ ನಾಲ್ಕು ವರ್ಷ ಅದನ್ನೇ ಮಾಡಿದೆ. ಒಂದು ಶನಿವಾರ ಥಾಯ್ಲೆಂಡಿನ ನಾಣ್ಯ, ಇನ್ನೊಂದು ಶನಿವಾರ ಸವೆದುಹೋದ ಯಾವುದೋ ಸಂಸ್ಥಾನದ ತಾಮ್ರ. ಕೊನೆಗೆ ಒಂದು ಬಿಸ್ಕತ್ತಿನ ಡಬ್ಬ ತುಂಬಿತು, ತೋರಿಸುವಂಥದ್ದು ಒಂದೂ ಇರಲಿಲ್ಲ.

ಚಿಕ್ಕ ಗೆರೆಯೊಳಗೆ ಪೂರ್ತಿಯಾಗುವಂಥ ವಿಷಯ ಆರಿಸಿಕೊಳ್ಳಿ. ನಾನು ಎಲ್ಲರಿಗೂ ಮೊದಲು ಹೇಳುವುದು ಕಾಲಾಣೆ. ಬ್ರಿಟಿಷ್ ಕಾಲ ಅಂದ ಕೂಡಲೇ ಜನ ರಾಣಿ ಛಾಪಿನ ಬೆಳ್ಳಿ ರೂಪಾಯಿಯ ಹಿಂದೆ ಓಡುತ್ತಾರೆ. ಆದರೆ ಅದೇ ರಾಣಿ, ಅದೇ ರಾಜರು ತಾಮ್ರದ ಕಾಲಾಣೆಯ ಮೇಲೂ ಇದ್ದಾರೆ, ಬೆಲೆ ಮಾತ್ರ ಎಷ್ಟೋ ಕಮ್ಮಿ. ಒಂದು ರೂಪಾಯಿಗೆ 16 ಆಣೆ, 64 ಕಾಲಾಣೆ. ಬಡವರ ಕೈಯಲ್ಲಿ ಓಡಾಡಿದ ದುಡ್ಡು ಇದು.

ಸಂಗ್ರಹದ ಮನೆಗಳು, ಒಂದೊಂದಕ್ಕೆ ಒಂದು ನಾಣ್ಯ, ಹೀಗೆ: 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ. 1862ರಿಂದ ಬಂದ 'ರಾಣಿ' ವಿಕ್ಟೋರಿಯಾ. 1877ರಿಂದ 'ಚಕ್ರವರ್ತಿನಿ' ಎಂದು ಬರೆದ ವಿಕ್ಟೋರಿಯಾ. ಏಳನೇ ಎಡ್ವರ್ಡನ ತಾಮ್ರದ್ದೊಂದು, ಕಂಚಿನದೊಂದು. ಐದನೇ ಜಾರ್ಜ್. ಆರನೇ ಜಾರ್ಜ್. ಕೊನೆಯಲ್ಲಿ ಯುದ್ಧಕಾಲದಲ್ಲಿ ಲೋಹ ಉಳಿಸಲು ನಡುವೆ ತೂತು ಮಾಡಿದ ಕಾಸು, 1943ರಿಂದ 1947ರವರೆಗಿನದು. ಊರಲ್ಲಿ ಹಳಬರು ತೂತು ಕಾಸು ಅನ್ನುವುದು ಇದನ್ನೇ. ಒಟ್ಟು ಎಂಟು ಮನೆ. 112 ವರ್ಷದ ಚರಿತ್ರೆ ಒಂದು ಅಂಗೈಯಲ್ಲಿ ಹಿಡಿಸುತ್ತದೆ. ಇದಕ್ಕೆ ಮುಂಬಯಿಯ ಒಂದು ಮನೆ ಸೇರಿಸಬೇಕು ಅನ್ನಿಸಿದರೆ, 1830ರ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿ ಪ್ರೆಸಿಡೆನ್ಸಿಗೆ ಅಂತಲೇ ಅಚ್ಚಾದ ಕಾಲಾಣೆ ಇದೆ. ಒಂದು ಬದಿಯಲ್ಲಿ ತಕ್ಕಡಿ, ತಟ್ಟೆಗಳ ನಡುವೆ ಪರ್ಷಿಯನ್ ಲಿಪಿಯಲ್ಲಿ ನ್ಯಾಯ ಎಂಬರ್ಥದ ಪದ.

ಬೇರೆ ದಾರಿಗಳೂ ಇವೆ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದ ಮೇಲಿನ 'ನಯಾ ಪೈಸೆ'ಗಳು ಒಳ್ಳೆಯ ವಿಷಯ. 1964ರಲ್ಲಿ 'ನಯಾ' ಪದ ಬಿಟ್ಟರು, ಅದೇ ವರ್ಷ ಮೂರು ಪೈಸೆ ಬಂತು. 1970ರ ದಶಕದ ಆಹಾರದ ನಾಣ್ಯಗಳು, ಅಂದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಚಾರಕ್ಕೆ ಹೊರಡಿಸಿದವು, ನನಗೆ ಬಹಳ ಇಷ್ಟ. 1974ರ ಅಲ್ಯೂಮಿನಿಯಂ ಹತ್ತು ಪೈಸೆಯಲ್ಲಿ ಕುಟುಂಬ ಯೋಜನೆಯ ಚಿತ್ರ ಇದೆ, ಗಾಳಿಗೆ ಹಾರಿಹೋಗುವಷ್ಟು ಹಗುರ. ಗೋವಾದಲ್ಲಿರುವವರಿಗೆ ಪೋರ್ಚುಗೀಸರ ಟಾಂಗಾ, ರುಪಿಯಾ, 1958ರ ನಂತರದ ಎಸ್ಕುಡೊ ಇವೆ. ಪುಣೆಯವರಿಗೆ ಶಿವರಾಯಿ. ಒಂದು ಬದಿಯಲ್ಲಿ 'ಶ್ರೀ ರಾಜಾ ಶಿವ', ಇನ್ನೊಂದು ಬದಿಯಲ್ಲಿ 'ಛತ್ರಪತಿ' ಎಂದಿರುವ ತಾಮ್ರದ ನಾಣ್ಯ ಅದು. ಪೇಶ್ವೆಗಳ ಕಾಲದವರೆಗೂ ನಡೆದದ್ದರಿಂದ ಸವೆದದ್ದು ಈಗಲೂ ಸಿಗುತ್ತದೆ.

ಕನ್ನಡ ಅಕ್ಷರದ ನಾಣ್ಯಗಳ ಆಸೆ ನಮಗೆ ಇದ್ದೇ ಇರುತ್ತದೆ ಅಲ್ವಾ? ಮುಮ್ಮಡಿ ಕೃಷ್ಣರಾಜ ಒಡೆಯರ 'ಮಯಿಲಿ ಕಾಸು', ವಿಜಯನಗರದ ದೇವರಾಯನ ಆನೆಯ ತಾಮ್ರ. ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಆ ಅಕ್ಷರ ಓದಲು ಕಣ್ಣು ಪಳಗಬೇಕು.

ಹೆಜ್ಜೆ 3: ನಾಲ್ಕೇ ನಾಲ್ಕು ಸಾಮಾನು

10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. ಅಳತೆಗೆ ಒಂದು ಪ್ಲಾಸ್ಟಿಕ್ ಕ್ಯಾಲಿಪರ್. ಒಂದು ಅಯಸ್ಕಾಂತ. ಇವು ನಾಲ್ಕನ್ನೂ ಎರಡು ಮೂರು ತಿಂಗಳ ಬಜೆಟ್ಟಿನಲ್ಲಿ ಮುಗಿಸಿ. ನಾಣ್ಯಕ್ಕಿಂತ ಮೊದಲು ಇವು ಬರಬೇಕು.

ಹೆಜ್ಜೆ 4: ಸವೆತ ಓದುವುದು

ಈ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ. ಒಂದೇ ಇಸವಿಯ, ಒಂದೇ ಟಂಕಸಾಲೆಯ ಎರಡು ನಾಣ್ಯಗಳ ಬೆಲೆಯಲ್ಲಿ ಹತ್ತು ಪಟ್ಟು ವ್ಯತ್ಯಾಸ ಇರುವುದು ಸ್ಥಿತಿಯಿಂದಲೇ. ವ್ಯಾಪಾರಿಗಳು 'ಫೈನ್', 'ವೆರಿ ಫೈನ್', 'ಎಕ್ಸ್‌ಟ್ರಾ ಫೈನ್', 'ಯುಎನ್‌ಸಿ' ಅನ್ನುತ್ತಾರೆ. ಯುಎನ್‌ಸಿ ಅಂದರೆ ಚಲಾವಣೆಗೆ ಹೋಗಿಯೇ ಇಲ್ಲ ಅಂತ. ಇನ್ನು 'ಫೈನ್' ಅಂದರೆ ಚೆನ್ನಾಗಿದೆ ಅಂತ ತಿಳಿಯಬೇಡಿ. ಸಾಕಷ್ಟು ಸವೆದಿದೆ, ಆದರೆ ಎಲ್ಲವೂ ಓದಲು ಬರುತ್ತದೆ ಅಂತ.

ನಾಣ್ಯ ಸವೆಯುವುದು ಅದರ ಎತ್ತರದ ಜಾಗಗಳಿಂದ. ಹಾಗಾಗಿ ಎಲ್ಲಿ ಎತ್ತರ ಇದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಆಯಿತು. ಏಳನೇ ಎಡ್ವರ್ಡನ ಕಾಲಾಣೆ ಕೈಗೆ ತೆಗೆದುಕೊಳ್ಳಿ. ಅಂಚನ್ನು ಎರಡು ಬೆರಳಲ್ಲಿ ಹಿಡಿಯಿರಿ, ಮುಖ ಮುಟ್ಟಬೇಡಿ. ಕೆಳಗೆ ಮೆತ್ತಗಿನ ಬಟ್ಟೆ ಇರಲಿ. ಟ್ಯೂಬ್‌ಲೈಟ್ ಬೇಡ, ಒಂದೇ ಬಲ್ಬಿನ ಬೆಳಕು ಸಾಕು. ನಾಣ್ಯವನ್ನು ನಿಧಾನವಾಗಿ ಓರೆ ಮಾಡಿ. ರಾಜನ ಕಿವಿ ನೋಡಿ. ಕಿವಿಯ ಒಳಗಿನ ಮಡಿಕೆಗಳು ಕಾಣುತ್ತವೋ ಇಲ್ಲವೋ? ಕಿವಿಯ ಮೇಲಿನ ಕೂದಲು ಎಳೆ ಎಳೆಯಾಗಿದೆಯೋ, ಒಂದೇ ಮುದ್ದೆಯಾಗಿದೆಯೋ? ಹುಬ್ಬು ಇದೆಯೋ, ಬರೀ ನುಣುಪೋ? ಕಿವಿ ಉಳಿದು, ಕೂದಲ ಎಳೆಗಳು ಅರ್ಧದಷ್ಟಾದರೂ ಕಂಡರೆ ಅದು ಕೊಳ್ಳುವ ನಾಣ್ಯ. ತಲೆ ಬರೀ ನೆರಳಿನ ಹಾಗಿದ್ದರೆ ವಾಪಸ್ ಕೊಡಿ.

1835ರ ಕಂಪನಿಯ ಕಾಲಾಣೆಯಲ್ಲಿ ಎರಡು ಸಿಂಹಗಳು ಗುರಾಣಿ ಹಿಡಿದಿವೆ. ಅವುಗಳ ಕಾಲ ಕೆಳಗೆ ಒಂದು ಪಟ್ಟಿ, ಅದರಲ್ಲಿ ಸಣ್ಣ ಲ್ಯಾಟಿನ್ ಅಕ್ಷರ. ಆ ಅಕ್ಷರ ಓದಲು ಬಂದರೆ ಒಳ್ಳೆಯ ನಾಣ್ಯ. ಐದನೇ ಜಾರ್ಜನಿಗೆ ಕಿರೀಟದ ಕೆಳಪಟ್ಟಿ, ಅಂಗಿಯ ಮೇಲಿನ ಆನೆ ನೋಡಿ. ಆ ಆನೆಗೆ ಒಂದು ಕಥೆಯೇ ಇದೆ. 1911ರಲ್ಲಿ ಸೊಂಡಿಲು ಗಿಡ್ಡವಾಗಿ ಹಂದಿಯ ಹಾಗೆ ಕಂಡಿತು ಅಂತ ಜನ ಸಿಟ್ಟಾದರು, 1912ರಿಂದ ಅಚ್ಚು ಬದಲಾಯಿಸಿದರು. ನಮ್ಮ ಗಣರಾಜ್ಯದ ನಾಣ್ಯಗಳಲ್ಲಿ ಸಾರನಾಥದ ಸಿಂಹಗಳ ಎದೆಯ ಕೇಸರ ಮೊದಲು ಸವೆಯುತ್ತದೆ.

ಈ ಕಣ್ಣು ಬರಬೇಕಾದರೆ ಒಳ್ಳೆಯ ನಾಣ್ಯ ನೋಡಬೇಕು. ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ನಾಣ್ಯಗಳ ಮುಂದೆ ಒಂದು ಮಧ್ಯಾಹ್ನ ನಿಂತು ಬನ್ನಿ. ನಾಸಿಕ್ ಕಡೆ ಹೋದರೆ ಆಂಜನೇರಿಯಲ್ಲಿ ನಾಣ್ಯಶಾಸ್ತ್ರಕ್ಕೆ ಅಂತಲೇ 1980ರಲ್ಲಿ ಶುರುವಾದ ಸಂಶೋಧನಾ ಸಂಸ್ಥೆ ಇದೆ.

ಹೆಜ್ಜೆ 5: ಎಲ್ಲಿ ಕೊಳ್ಳುವುದು

ನನ್ನ ಶನಿವಾರಗಳು ಫೋರ್ಟಿನಲ್ಲಿ. ವಿ.ಟಿ. ಸ್ಟೇಷನ್ನಿನಲ್ಲಿ (ಈಗಿನ ಸಿಎಸ್‌ಎಂಟಿ) ಇಳಿದು ಫ್ಲೋರಾ ಫೌಂಟನ್ ಕಡೆ ನಡೆದರೆ ಫುಟ್‌ಪಾತಿನ ಮೇಲೆ ನಾಣ್ಯ ಹರವಿಕೊಂಡು ಕೂತವರು ಸಿಗುತ್ತಾರೆ. ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗುವುದಾದರೆ ನೆನಪಿರಲಿ, ಶುಕ್ರವಾರ ಅಂಗಡಿಗಳು ಮುಚ್ಚಿರುತ್ತವೆ, ಆದರೆ ಅದೇ ದಿನ ಬೆಳಗಿನ ಜಾವ ಬೀದಿ ಸಂತೆ ಇರುತ್ತದೆ. ಪುಣೆಯ ಜುನಾ ಬಜಾರ್ ಬುಧವಾರ ಮತ್ತು ಭಾನುವಾರ. ಇವೆಲ್ಲ ಕಣ್ಣಿಗೆ ಹಬ್ಬ, ಕಲಿಯಲು ಒಳ್ಳೆಯ ಜಾಗ. ಆದರೆ ಬೀದಿಯಲ್ಲಿ 100 ರೂಪಾಯಿಗಿಂತ ಮೇಲಿನದನ್ನು ನಾನು ಕೊಳ್ಳುವುದಿಲ್ಲ.

ದೊಡ್ಡ ಖರೀದಿಗೆ ನಾಣ್ಯ ಪ್ರದರ್ಶನಗಳೇ ಸರಿ. ಮುಂಬಯಿ, ಪುಣೆ ಎರಡೂ ಕಡೆ ನಡೆಯುತ್ತವೆ, ಹತ್ತಾರು ವ್ಯಾಪಾರಿಗಳು ಒಂದೇ ಹಾಲಿನಲ್ಲಿ ಇರುತ್ತಾರೆ. ಮೊದಲ ದಿನ ಹೋಗಿ ಬರೀ ನೋಡಿ. ಐದು ಟೇಬಲ್ಲಿನಲ್ಲಿ ಒಂದೇ ನಾಣ್ಯದ ಬೆಲೆ ಬರೆದುಕೊಳ್ಳಿ. ಕೊನೆಯ ದಿನ ಮಧ್ಯಾಹ್ನದ ಮೇಲೆ ಕೊಳ್ಳಿ. ವಾಪಸ್ ಹೊತ್ತುಕೊಂಡು ಹೋಗುವ ಬದಲು ಸ್ವಲ್ಪ ಬಿಟ್ಟುಕೊಡುವ ಮನಸ್ಸು ಆಗ ಇರುತ್ತದೆ. ಚೌಕಾಸಿ ಮಾಡುವಾಗ ನಾಣ್ಯವನ್ನು ಹಳಿಯಬೇಡಿ. "ಕಾಕಾ, ನನ್ನ ಹತ್ತಿರ ಈ ತಿಂಗಳು ಇಷ್ಟೇ ಇದೆ" ಅಂತ ನಿಜ ಹೇಳಿ. ಒಬ್ಬರು ಕಾಕಾ ನನಗೆ ಒಂದು ಎಡ್ವರ್ಡನನ್ನು ಎರಡು ತಿಂಗಳು ತೆಗೆದಿಟ್ಟು ಕೊಟ್ಟಿದ್ದಾರೆ. ಬಿಲ್ ಮಾತ್ರ ತಪ್ಪದೇ ಕೇಳಿ.

ಟಂಕಸಾಲೆಯವರು ಮಾರುವ ಸ್ಮರಣಾರ್ಥ ಸೆಟ್‌ಗಳು ಚೆಂದ ಇರುತ್ತವೆ, ಆದರೆ ನಮ್ಮ ಬಜೆಟ್ಟಿಗೆ ಅವು ಬೇಡ. ಒಂದು ಸೆಟ್ಟಿನ ದುಡ್ಡಿನಲ್ಲಿ ಎಂಟು ಮನೆಯಲ್ಲಿ ಮೂರು ಮನೆ ತುಂಬುತ್ತದೆ.

ಹೆಜ್ಜೆ 6: ನಕಲಿ ಹಿಡಿಯುವುದು

ಎಲ್ಲರೂ ಮೋಸ ಹೋಗುವುದು ರಾಮ ದರ್ಬಾರಿನ ನಾಣ್ಯಕ್ಕೆ. ಒಂದು ಬದಿಯಲ್ಲಿ ರಾಮ, ಸೀತೆ, ಹನುಮಂತ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ, 1818. ನಾನೂ 600 ರೂಪಾಯಿ ಕೊಟ್ಟು ತಂದಿದ್ದೆ. ಕಂಪನಿ ಇಂಥ ನಾಣ್ಯ ಹೊರಡಿಸಿಯೇ ಇಲ್ಲ. ಇವು ಆಮೇಲೆ ಮಾಡಿದ ಬಿಲ್ಲೆಗಳು. ಪೂಜೆಗೆ ಇಟ್ಟುಕೊಳ್ಳಿ, ಸಂಗ್ರಹಕ್ಕೆ ಬೇಡ.

ಮಿಕ್ಕಿದ್ದಕ್ಕೆ ತಕ್ಕಡಿ ಇದೆ. 1835ರಿಂದ ನಡೆದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. ಸವೆದರೆ ಸ್ವಲ್ಪ ಇಳಿಯಬಹುದು, ಆದರೆ ಹೆಚ್ಚಾಗುವುದಿಲ್ಲ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. 1946, 1947ರ ರೂಪಾಯಿ, 1950ರ ಗೋಧಿ ತೆನೆಯ ರೂಪಾಯಿ ಅಂಟುತ್ತವೆ, ಹೆದರಬೇಡಿ, ಅವು ನಿಕ್ಕಲ್. ಆಮೇಲೆ ಅಂಚು. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗೆ ಅಂಚಿನ ಸುತ್ತ ಒಂದು ಸಣ್ಣ ಗೆರೆ ಉಳಿದಿರುತ್ತದೆ, ಮೈಮೇಲೆ ಸೂಜಿ ಚುಚ್ಚಿದಂಥ ತೂತುಗಳು ಇರುತ್ತವೆ.

ಬೆಳ್ಳಿ ನಾಣ್ಯ ಕೊಳ್ಳುವ ಮನಸ್ಸಾದರೆ ಈ ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. ಹಳೆಯ ರೂಪಾಯಿಯಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ, ಅಂದರೆ ಸುಮಾರು 10.69 ಗ್ರಾಂ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಅರ್ಧ ಮಾತ್ರ, 5.83 ಗ್ರಾಂ. ಗಾಂಧಿ ಶತಮಾನೋತ್ಸವದ 10 ರೂಪಾಯಿಯ ತೂಕ 15 ಗ್ರಾಂ, ಅದರಲ್ಲಿ 12 ಗ್ರಾಂ ಬೆಳ್ಳಿ. ಆ ದಿನದ ಬೆಳ್ಳಿ ದರದಿಂದ ಗುಣಿಸಿ. ಅದಕ್ಕಿಂತ ತುಂಬಾ ಕಮ್ಮಿಗೆ ಯಾರಾದರೂ ಕೊಡುತ್ತಿದ್ದರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಅಸಲಿ ಬೆಳ್ಳಿಯನ್ನು ಲೋಹದ ಬೆಲೆಗಿಂತ ಕೆಳಗೆ ಯಾರೂ ಬಿಡುವುದಿಲ್ಲ.

ಇನ್ನೊಂದು ಮೋಸ ಫೋನಿನಲ್ಲಿ ಬರುತ್ತದೆ. ವೈಷ್ಣೋದೇವಿಯ ಚಿತ್ರದ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಅಂತ. 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ: ಹಳೆಯ ನೋಟು, ನಾಣ್ಯದ ವ್ಯವಹಾರ ಅದು ಮಾಡುವುದಿಲ್ಲ, ಅದಕ್ಕೆ ಕಮಿಷನ್ ಕೇಳುವುದೂ ಇಲ್ಲ. ಕಾನೂನಿನ ಎರಡು ಮಾತು ಕೂಡ ತಿಳಿದಿರಲಿ. 100 ವರ್ಷ ದಾಟಿದ ನಾಣ್ಯ ಪುರಾತನ ವಸ್ತು, 1972ರ ಕಾಯ್ದೆಯ ಪ್ರಕಾರ ನಾವು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಊರಿನ ಮನೆಯ ಪಾಯ ತೋಡುವಾಗ ಗಡಿಗೆ ಸಿಕ್ಕಿದರೆ ಅದು ನಿಧಿ, 1878ರ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಹೆಜ್ಜೆ 7: ತೊಳೆಯಬೇಡಿ

ನಮ್ಮ ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ 1862ರ ಒಂದು ರಾಣಿ ರೂಪಾಯಿ ಇತ್ತು. ಕಪ್ಪಾಗಿತ್ತು. ಅಜ್ಜಿ ಹೋದ ಮೇಲೆ ನನ್ನ ಪಾಲಿಗೆ ಬಂತು. ಲಕ್ಷ್ಮೀಪೂಜೆಗೆ ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ, ಹಲ್ಲುಪುಡಿ ಹಾಕಿ ಉಜ್ಜಿದೆ. ಫಳಫಳ ಹೊಳೆಯಿತು. ಫೋರ್ಟಿನಲ್ಲಿ ಒಬ್ಬರು ಹಿರಿಯ ವ್ಯಾಪಾರಿಗೆ ತೋರಿಸಿದೆ. ಅವರು ಭೂತಗನ್ನಡಿ ನನ್ನ ಕೈಗೇ ಕೊಟ್ಟರು. ರಾಣಿಯ ಕೆನ್ನೆಯ ಮೇಲೆ ನೂರಾರು ಸಣ್ಣ ಗೀರುಗಳು, ಎಲ್ಲವೂ ನನ್ನ ಬೆರಳು ಓಡಿದ ದಿಕ್ಕಿನಲ್ಲಿ. 150 ವರ್ಷ ಕೂತ ಬಣ್ಣ ಹತ್ತು ನಿಮಿಷದಲ್ಲಿ ಹೋಗಿತ್ತು. ಆ ನಾಣ್ಯ ಈಗಲೂ ನನ್ನ ಹತ್ತಿರ ಇದೆ. ಮಾರುವುದಿಲ್ಲ.

ಮಣ್ಣು ಅಂಟಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಒಂದೆರಡು ದಿನ ನೆನೆಸಿಡಿ. ಉಜ್ಜದೆ, ಬಟ್ಟೆಯ ಮೇಲೆ ಒತ್ತಿ ಒಣಗಿಸಿ. ಅಷ್ಟೇ.

ಮುಂಬಯಿಯ ಮಳೆಗಾಲ ತಾಮ್ರಕ್ಕೆ ಶತ್ರು. ಜೂನ್ ಬಂತೆಂದರೆ ಹಸಿರು ಕಿಲುಬು ಶುರು. ನಾಣ್ಯಗಳನ್ನು ಗಟ್ಟಿ ಡಬ್ಬದಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಾಯಿಸಿ. ಮೆತ್ತಗಿನ ಪಿವಿಸಿ ಜೇಬುಗಳ ಅಗ್ಗದ ಆಲ್ಬಮ್ ಬೇಡ. ಎರಡು ಮೂರು ವರ್ಷದಲ್ಲಿ ಆ ಪ್ಲಾಸ್ಟಿಕ್ಕೇ ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತದೆ. ನಡುವೆ ಮೈಲಾರ್ (ಪಿವಿಸಿ ಅಲ್ಲದ ಪಾರದರ್ಶಕ ಹಾಳೆ) ಕಿಟಕಿ ಇರುವ ಚೌಕದ ರಟ್ಟಿನ ಹೋಲ್ಡರ್ ಸಿಗುತ್ತದೆ, ಅದನ್ನು ಬಳಸಿ. ಪೇಪರಿನಲ್ಲಿ ಸುತ್ತಬೇಡಿ, ರಬ್ಬರ್ ಬ್ಯಾಂಡ್ ಹತ್ತಿರಕ್ಕೂ ತರಬೇಡಿ, ಬೆಳ್ಳಿ ಕಪ್ಪಾಗುತ್ತದೆ.

ಹೆಜ್ಜೆ 8: ಮೇಲಕ್ಕೆ ತರುವುದು

ಎಂಟು ಮನೆ ಹೇಗೋ ಒಂದು ರೀತಿ ತುಂಬಿತು ಅಂದುಕೊಳ್ಳಿ. ಈಗ ನಾಣ್ಯಗಳನ್ನು ಸಾಲಾಗಿ ಇಟ್ಟು, ಅತಿ ಸವೆದದ್ದು ಯಾವುದು ಅಂತ ಆರಿಸಿ. ಮುಂದಿನ ಖರೀದಿ ಅದರ ಬದಲಿಗೆ ಮಾತ್ರ. ಬೇರೆ ಎಷ್ಟೇ ಚೆಂದದ್ದು ಕಂಡರೂ ಮುಟ್ಟಬೇಡಿ. ಎರಡನೆಯ ನಿಯಮ, ಸ್ವಲ್ಪ ಮಾತ್ರ ಚೆನ್ನಾಗಿರುವುದನ್ನು ತರಬೇಡಿ. ಕನಿಷ್ಠ ಎರಡು ಮೆಟ್ಟಿಲು ಮೇಲಿರಬೇಕು. ಒಂದೊಂದೇ ಮೆಟ್ಟಿಲು ಹತ್ತಿದರೆ ಪ್ರತಿ ಸಲವೂ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ನಷ್ಟ ನಿಮ್ಮದೇ. ಅದಕ್ಕೆ ಮೂರು ತಿಂಗಳು ಸುಮ್ನೆ ಕಾದು 1,500 ಕೂಡಿಸಿ, ಒಂದೇ ಸಲ ಮೇಲೆ ಹೋಗಿ.

ಹಳೆಯ ನಾಣ್ಯವನ್ನು ಕೊಂಡ ವ್ಯಾಪಾರಿಗೇ ತೋರಿಸಿ, ಹೊಸದರ ಬೆಲೆಯಲ್ಲಿ ಕಳೆಯಲು ಕೇಳಿ. ಬಿಲ್ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ. ಅಥವಾ ಹೊಸದಾಗಿ ಶುರು ಮಾಡಿದ ಮಕ್ಕಳಿಗೆ ಕೊಂಡ ಬೆಲೆಗೇ ಕೊಡಿ.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ. '1835, ಕಂಪನಿ. ಮೊದಲನೆಯದು: ಸಿಂಹಗಳ ಮುಖ ಇಲ್ಲ, 40 ರೂ., ಫುಟ್‌ಪಾತ್. ಎರಡನೆಯದು: ಸಿಂಹ ಚೆನ್ನಾಗಿದೆ, ಪಟ್ಟಿ ಓದಲು ಬರುವುದಿಲ್ಲ, 250 ರೂ., ಮೊದಲನೆಯದು ಅಕ್ಕನ ಮಗಳಿಗೆ. ಮೂರನೆಯದು: ಪಟ್ಟಿಯ ಅಕ್ಷರ ಪೂರ್ತಿ, ಕಂದು ಬಣ್ಣ ಸಮವಾಗಿದೆ, 6.44 ಗ್ರಾಂ, 1,200 ರೂ., ಎರಡನೆಯದಕ್ಕೆ 200 ಕಳೆದರು.' ತೂಕ, ದಿನಾಂಕ, ಬೆಲೆ, ಎಲ್ಲಿ, ಏನು ಕಂಡಿತು, ಇಷ್ಟನ್ನು ಪ್ರತಿ ನಾಣ್ಯಕ್ಕೂ ಬರೆಯಿರಿ.

ಸದ್ಯ ನನ್ನ ಎಂಟರಲ್ಲಿ ಹಿಂದೆ ಬಿದ್ದಿರುವುದು 1906ರ ಎಡ್ವರ್ಡ್. ಆ ವರ್ಷವೇ ಕಾಲಾಣೆ ತಾಮ್ರದಿಂದ ಕಂಚಿಗೆ ಬದಲಾಯಿತು. ಎರಡೂ ಲೋಹದಲ್ಲಿ 1906 ಎಂದೇ ಇದೆ, ನೋಡಲೂ ಹೆಚ್ಚುಕಮ್ಮಿ ಒಂದೇ. ತಕ್ಕಡಿಗೆ ಹಾಕಿದರೆ ತಾಮ್ರದ್ದು 6.47 ಗ್ರಾಂ, ಕಂಚಿನದು 4.86. ನನಗೆ ಬೇಕಾಗಿರುವುದು ಕಿವಿಯ ಮಡಿಕೆ ಉಳಿದ ಕಂಚಿನದು. 1,000 ರೂಪಾಯಿ ಕೂಡಿದೆ. ಮುಂದಿನ ಶನಿವಾರ ತಕ್ಕಡಿ ಜೇಬಿಗೆ ಹಾಕಿಕೊಂಡು ಲೋಕಲ್ ಹತ್ತುತ್ತೇನೆ.